ರಬ್ಬರಿನ ಮೇಲೆ ಕೂತ ಕಾರು

ಹಳೆಯ ಮಿನಿ ಕೂಪರ್ ಕೊಂಡ ವಾರದಲ್ಲೇ ನನಗೆ ಸಿಕ್ಕ ಉಚಿತ ಸಲಹೆ: "ಆ ರಬ್ಬರು ಕಿತ್ತೆಸೆದು ಸ್ಪ್ರಿಂಗ್ ಹಾಕಿಸು." ಹೇಳಿದವರು ಒಬ್ಬಿಬ್ಬರಲ್ಲ. ಕಾರಿನ ಮುಂಭಾಗ ಕುಸಿದು, ಕವೆಂಟ್ರಿಯ ಪ್ರತಿ ಗುಂಡಿಯೂ ನೇರ ಬೆನ್ನಿಗೆ ಬಡಿಯುತ್ತಿದ್ದುದೂ ನಿಜ. ಧಾರವಾಡದಿಂದ ಬಂದಿದ್ದ ಅಪ್ಪ ಹತ್ತು ಮೈಲಿ ಕೂತು, ಸೊಂಟ ಹಿಡಿದುಕೊಂಡು ಇಳಿದು, "ಇದಕ್ಕಿಂತ ನಮ್ಮ ಚಕ್ಕಡಿ ಛಲೋ ಇತ್ತಲ್ಲೋ" ಅಂದರು. ಆಮೇಲೆ ಎಲ್ಲಿಗೆ ಕರೆದರೂ ಬಸ್ಸಿನಲ್ಲೇ ಬರುತ್ತೇನೆ ಎನ್ನತೊಡಗಿದರು. ಬದಲಾವಣೆ ಬೇಕೇ ಬೇಕಿತ್ತು. ಯಾವುದು ಎಂಬುದಷ್ಟೇ ಪ್ರಶ್ನೆ.

ಕಾರಿನಲ್ಲಿ ರಬ್ಬರು ಯಾಕಿದೆ ಎಂದು ಹುಡುಕುತ್ತಾ 1956ಕ್ಕೆ ಹೋದೆ. ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲು ದುರ್ಲಭವಾದ ಕಾಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲೆನರ್ಡ್ ಲಾರ್ಡ್, ನಾಲ್ಕು ಜನ ಕೂರುವ ನಿಜವಾದ ಸಣ್ಣ ಕಾರು ಬೇಕೆಂದು ಅಲೆಕ್ ಇಸಿಗೊನಿಸ್‌ಗೆ ಹೇಳಿದ. 1959ರಲ್ಲಿ ಹೊರಬಂದ ಮಿನಿಯ ಉದ್ದ ಸುಮಾರು 10 ಅಡಿ, ಚಕ್ರ 10 ಇಂಚು, ಎಂಜಿನ್ನು ಅಡ್ಡಡ್ಡ. ಹೀಗೆ ಜಾಗ ಉಳಿಸಿದವನಿಗೆ ಇನ್ನೊಂದು ತೊಡಕು ಎದುರಾಯಿತು. ಕಾರಿನ ತೂಕವೇ 600 ಕಿಲೋ ಆಸುಪಾಸು. ನಾಲ್ವರು ಸಾಮಾನು ಸಮೇತ ಹತ್ತಿದರೆ ಅದರ ಅರ್ಧದಷ್ಟು ಭಾರ ಒಮ್ಮೆಗೇ ಏರುತ್ತದೆ. ಮೆತ್ತನೆಯ ಉಕ್ಕಿನ ಸ್ಪ್ರಿಂಗ್ ಹಾಕಿದರೆ ತುಂಬಿದ ಕಾರು ನೆಲಕ್ಕೆ ಬಡಿಯುತ್ತದೆ, ಗಟ್ಟಿಯದು ಹಾಕಿದರೆ ಒಬ್ಬನೇ ಓಡಿಸುವಾಗ ಕುಕ್ಕುತ್ತದೆ.

ಉತ್ತರ ಕೊಟ್ಟವನು ಅಲೆಕ್ಸ್ ಮೌಲ್ಟನ್. ಅವನ ಮುತ್ತಜ್ಜ ಬ್ರಾಡ್‌ಫರ್ಡ್-ಆನ್-ಏವನ್‌ನಲ್ಲಿ ರಬ್ಬರ್ ಕಾರ್ಖಾನೆ ಕಟ್ಟಿದವನು. ಮೌಲ್ಟನ್ ರೂಪಿಸಿದ ರಬ್ಬರಿನ ಕೋನು ಅದುಮಿದಷ್ಟೂ ಹೆಚ್ಚು ಗಟ್ಟಿಯಾಗುತ್ತದೆ. ಕಡಿಮೆ ಭಾರಕ್ಕೆ ಬಾಗುತ್ತದೆ, ಹೆಚ್ಚು ಭಾರಕ್ಕೆ ಜಗ್ಗುವುದಿಲ್ಲ, ಜಾಗವೂ ಅಷ್ಟಿಷ್ಟೇ. ರಬ್ಬರನ್ನು ಬರೀ ಅಗ್ಗದ ಉಪಾಯ ಅಂದುಕೊಂಡಿದ್ದ ನನಗೆ ಇನ್ನೊಂದು ಸಂಗತಿ ಗೊತ್ತಿರಲಿಲ್ಲ. 1930ರ ದಶಕದಲ್ಲೇ ಇಸಿಗೊನಿಸ್, ಗೆಳೆಯ ಜಾರ್ಜ್ ಡೌಸನ್ ಜೊತೆ ಸೇರಿ ಕೈಯಾರೆ ಕಟ್ಟಿದ ಪುಟ್ಟ ರೇಸ್ ಕಾರಿಗೂ ರಬ್ಬರನ್ನೇ ಬಳಸಿದ್ದ. 1964ರ ಜನವರಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಕೂಪರ್ ಎಸ್ ಸಹ ಇದೇ ಕೋನುಗಳ ಮೇಲೆ ಓಡಿತ್ತು.

ತಮಾಷೆಯೆಂದರೆ, ಮಿನಿಯ ಸಸ್ಪೆನ್ಷನ್ನನ್ನು "ಸುಧಾರಿಸಲು" ಹೋದವರಲ್ಲಿ ಕಾರ್ಖಾನೆಯೂ ಒಂದು. ಅದೇ 1964ರಲ್ಲಿ ಹೈಡ್ರೊಲಾಸ್ಟಿಕ್ ಬಂತು: ಒಂದೊಂದು ಪಕ್ಕದ ಮುಂದಿನ ಹಿಂದಿನ ಚಕ್ರಗಳನ್ನು ಕೊಳವೆಯ ದ್ರವದಿಂದ ಜೋಡಿಸಿದ ವ್ಯವಸ್ಥೆ. ಸವಾರಿ ಹಿತವಾಯಿತು, ಆದರೆ ವೇಗ ಏರಿಸಿದರೆ ಮೂಗು ಎತ್ತುವ ಚಾಳಿಯೂ ಖರ್ಚೂ ಜೊತೆಗೆ ಬಂದವು. ಕೆಲವೇ ವರ್ಷಗಳಲ್ಲಿ ಮಿನಿ ಮತ್ತೆ ಒಣ ರಬ್ಬರಿಗೆ ಮರಳಿ, 2000ದಲ್ಲಿ ಉತ್ಪಾದನೆ ನಿಲ್ಲುವವರೆಗೂ ಅದರಲ್ಲೇ ಉಳಿಯಿತು.

ಗ್ಯಾರೇಜಿನವರು, ರೇಸಿನವರು ಮಾಡಿದ್ದು ಬೇರೆ. ಕೋನಿಗೂ ಚಕ್ರದ ತೋಳಿಗೂ ನಡುವೆ ಒಂದು ಅಲ್ಯೂಮಿನಿಯಂ ಊರುಗೋಲಿದೆ. ಅದನ್ನು ಗರಗಸದಿಂದ ಮೋಟು ಮಾಡಿ ಕಾರು ತಗ್ಗಿಸುತ್ತಿದ್ದರು. ಆಮೇಲೆ ತಿರುಪು ಹಾಕಿ ಎತ್ತರ ಹೊಂದಿಸುವಂಥದ್ದು ಅಂಗಡಿಗೆ ಬಂತು. ಮುಂದಿನ ಚಕ್ರದ ತಲೆ ತುಸು ಒಳಗೆ ವಾಲುವಂತೆ ಉದ್ದದ ಕೆಳತೋಳು ಹಾಕುವ ಪದ್ಧತಿಯೂ ಇದೆ. ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಅತಿಯಾದರೆ ಟೈರಿನ ಒಳ ಅಂಚು ಸವೆಯುತ್ತದೆ. ತೀರಾ ತಗ್ಗಿಸಿದ ಕಾರು ನೋಡಲು ಚೆಂದ, ಆದರೆ ಚಕ್ರ ಏರಿಳಿಯಲು ಜಾಗವೇ ಉಳಿಯದೆ ತಡೆಗೆ ಬಡಿಯುತ್ತದೆ. ಇದನ್ನು ಸ್ಪೋರ್ಟಿ ಎಂದು ಕರೆಯುವವರ ಬೆನ್ನು ಯಾವುದರದೋ!

ನನ್ನ ಕಾರನ್ನು ಎತ್ತಿ ನೋಡಿದ ಮೆಕ್ಯಾನಿಕ್ ಕೋನುಗಳನ್ನು ತೋರಿಸಿದ. ವರ್ಷಗಟ್ಟಲೆ ಅದುಮಿಸಿಕೊಂಡು ಚಪ್ಪಟೆಯಾಗಿ, ಕಲ್ಲಿನಂತಾಗಿದ್ದವು. ಅಪ್ಪನ ಸೊಂಟ ಮುರಿದದ್ದು ಮೌಲ್ಟನ್ನನ ರಬ್ಬರಲ್ಲ, ಅದರ ಹೆಣ. ಹೊಸ ಕೋನು, ತಿರುಪಿನ ಊರುಗೋಲು, ಸರಿಯಾದ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಅದಕ್ಕೂ ಮೊದಲು ಸವೆದ ಬುಷ್‌ಗಳು. ಸ್ಪ್ರಿಂಗ್ ಬೇಡವೆಂದೆ; ಒಬ್ಬನೇ ಓಡಿಸುವುದಾದರೆ ಬಹುಶಃ ಬೇಕೆನ್ನುತ್ತಿದ್ದೆ.

ಹೊಸ ರಬ್ಬರು ಕೂರಲು ಕೆಲವು ವಾರ ಹಿಡಿಯುತ್ತದಂತೆ. ಅಲ್ಲಿಯವರೆಗೆ ಕಾರು ಕೊಂಚ ಎತ್ತರ. ಮೊನ್ನೆ ಅಪ್ಪ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಬೇಸಿಗೆಗೆ ಬಂದಾಗ ನೋಡೋಣ, ಬಸ್ ಪಾಸು ಮಾತ್ರ ಒಗೀಬ್ಯಾಡ ಅಂದರು.