ಇಶಿ ಕಲಿಸಿದ ಬಿಲ್ಲುವಿದ್ಯೆ

ಅಮೆರಿಕದಲ್ಲಿ ವಸಂತ ಬಂತೆಂದರೆ ಕಾಡು ಟರ್ಕಿ ಕೋಳಿಯ ಬೇಟೆಯ ಕಾಲ. ಬಂದೂಕು ಬಿಟ್ಟು ಮರದ ಬಿಲ್ಲು ಹಿಡಿದು ಹೋಗುವ ಹವ್ಯಾಸಿಗಳೂ ಅಲ್ಲಿದ್ದಾರೆ. ಇದು ಸುಲಭದ ಬೇಟೆಯಲ್ಲ. ಟರ್ಕಿಯ ಕಣ್ಣು ಬಹಳ ಚುರುಕು; ಬಿಲ್ಲು ಎಳೆಯುವ ಕೈಯ ಅಲುಗಾಟ ಕಂಡರೂ ಸಾಕು, ಹಕ್ಕಿ ಮಾಯ. ಆದ್ದರಿಂದ ಬೇಟೆಗಾರ ಪೊದೆಯ ಮರೆಯಲ್ಲಿ ಕುಳಿತು, ಹೆಣ್ಣು ಹಕ್ಕಿಯ ದನಿ ಹೊರಡಿಸಿ ಗಂಡನ್ನು ಹತ್ತಿರಕ್ಕೆ ಕರೆಯುತ್ತಾನೆ. ಅವನ ಬಾಣಕ್ಕೆ ಕಟ್ಟಿದ ಗರಿಯೂ ಹೆಚ್ಚಾಗಿ ಟರ್ಕಿಯದ್ದೇ.

ಬಂದೂಕಿನ ನಾಡಿನಲ್ಲಿ ಬಿಲ್ಲಿಗೆ ಮತ್ತೆ ಜೀವ ಬಂದದ್ದು ಹೇಗೆ? ಅದರ ಹಿಂದೆ ಒಬ್ಬ ಒಂಟಿ ಮನುಷ್ಯನ ಕಥೆಯಿದೆ.

1911ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯಾದ ಓರೊವಿಲ್ ಪಟ್ಟಣದ ಕಸಾಯಿಖಾನೆಯ ಬಳಿ ಹಸಿದು ಬಳಲಿದ ಮೂಲನಿವಾಸಿಯೊಬ್ಬ ಸಿಕ್ಕಿದ. ಅವನ ಭಾಷೆ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅವನು ಯಾಹಿ ಬುಡಕಟ್ಟಿನವನು. 1849ರ ಚಿನ್ನದ ಆಸೆಯ ನಂತರ ನುಗ್ಗಿ ಬಂದ ಬಿಳಿಯರು 1860ರ ದಶಕದಲ್ಲಿ ಈ ಜನರನ್ನು ಹುಡುಕಿ ಹುಡುಕಿ ಕೊಂದಿದ್ದರು. ಅಳಿದುಳಿದ ಕೆಲವರು ದಶಕಗಳ ಕಾಲ ಕಣಿವೆಗಳಲ್ಲಿ ಅಡಗಿ ಬದುಕಿದರು. ಕೊನೆಗೆ ಉಳಿದವನು ಇವನೊಬ್ಬನೇ. ತನ್ನ ಹೆಸರನ್ನು ತಾನೇ ಹೇಳುವುದು ಅವರ ಪದ್ಧತಿಯಲ್ಲ. ಹೇಳಿಕೊಡಲು ಬೇರೆ ಯಾರೂ ಇರಲಿಲ್ಲ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು. ಅವರ ನುಡಿಯಲ್ಲಿ ಅದರ ಅರ್ಥ 'ಮನುಷ್ಯ', ಅಷ್ಟೆ.

ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯವೇ ಇಶಿಯ ಮನೆಯಾಯಿತು. ಪಕ್ಕದ ಆಸ್ಪತ್ರೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಸ್ನೇಹಿತನೂ ಶಿಷ್ಯನೂ ಆದರು. ಜುನಿಪರ್ ಮರದ ಗಿಡ್ಡ ಬಿಲ್ಲಿನ ಬೆನ್ನಿಗೆ ಪ್ರಾಣಿಯ ನರ ಅಂಟಿಸುವುದು, ಬಾಟಲಿ ಗಾಜಿನಿಂದಲೂ ಬಾಣದ ಮೊನೆ ಕೆತ್ತುವುದು, ಬೆರಳಿಗೆ ತುಟಿಯೊತ್ತಿ ಮೊಲವನ್ನು ಕರೆಯುವುದು, ಎಲ್ಲವನ್ನೂ ಇಶಿ ತೋರಿಸಿಕೊಟ್ಟ. ಅವನು ಹೆದೆ ಎಳೆಯುತ್ತಿದ್ದದ್ದು ಹೆಬ್ಬೆರಳಿನಿಂದ.

ಪೋಪ್ ಮುಂದೆ ಇಂಗ್ಲಿಷ್ ಮಾದರಿಯ ಉದ್ದ ಬಿಲ್ಲನ್ನೇ ಹಿಡಿದರೂ ಬೇಟೆಯ ಗುರು ಇಶಿಯೇ. 1923ರಲ್ಲಿ ಅವರು ಬರೆದ ಪುಸ್ತಕ ಅಮೆರಿಕದ ಬಿಲ್ಲುಗಾರರಿಗೆ ಕೈಪಿಡಿಯಾಯಿತು. ಅವರ ಮತ್ತು ಅವರ ಗೆಳೆಯ ಆರ್ಥರ್ ಯಂಗ್ ಹೆಸರಿನಲ್ಲಿ 1961ರಲ್ಲಿ ಬಿಲ್ಲುಬೇಟೆಗಾರರ ಸಂಘವೂ ಹುಟ್ಟಿತು.

ಗುರುವಿಗೆ ಸಿಕ್ಕಿದ್ದೇನು? 1916ರ ಮಾರ್ಚ್ 25ರಂದು ಇಶಿ ಕ್ಷಯದಿಂದ ತೀರಿಕೊಂಡ. ಶವವನ್ನು ಕೊಯ್ಯಬಾರದೆಂದು ಕ್ರೋಬರ್ ನ್ಯೂಯಾರ್ಕ್‌ನಿಂದ ಪತ್ರ ಬರೆದರು. ಪತ್ರ ತಲುಪುವಷ್ಟರಲ್ಲಿ ಮೆದುಳನ್ನು ಹೊರತೆಗೆದಾಗಿತ್ತು. ಆಮೇಲೆ ಅದನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದವರು ಅದೇ ಕ್ರೋಬರ್! ಹತ್ತಿರದ ಸಂಬಂಧದ ಬುಡಕಟ್ಟುಗಳವರು ಅದನ್ನು ಮರಳಿ ಪಡೆದು ಮಣ್ಣು ಮಾಡಿದ್ದು 2000ದಲ್ಲಿ.

ನಮ್ಮ ಕಥೆಯಲ್ಲಿ ಗುರು ಬೇಡರ ಹುಡುಗ ಏಕಲವ್ಯನ ಹೆಬ್ಬೆರಳು ಕೇಳಿದ. ಇಲ್ಲಿ ಗುರುವೇ ಕಾಡಿನವನು. ವಿದ್ಯೆ ಕಲಿತ ನಾಗರಿಕರು ಅವನ ಮೆದುಳನ್ನೇ ತೆಗೆದಿಟ್ಟುಕೊಂಡರು.

ಒಂದು ಕಾಲಕ್ಕೆ ಅಳಿವಿನಂಚಿಗೆ ಬಂದಿದ್ದ ಟರ್ಕಿಯನ್ನು ಅಮೆರಿಕನ್ನರು ಉಳಿದ ಕಾಡುಗಳಿಂದ ಹಿಡಿದು ತಂದು ಬೇರೆಡೆ ಬಿಟ್ಟು ಬೆಳೆಸಿದರು. ಈಗ ಅಲಾಸ್ಕಾ ಒಂದನ್ನುಳಿದು ಎಲ್ಲ ರಾಜ್ಯಗಳಲ್ಲೂ ಅದು ಇದೆ. ಹಕ್ಕಿ ಮರಳಿತು, ಬಿಲ್ಲೂ ಮರಳಿತು. ಯಾಹಿಗಳನ್ನು ಮಾತ್ರ ಯಾರೂ ಮರಳಿ ತರಲಾರರು.