ಸಾವಲ್ಲ, ಮದುವೆ

ಉರುಸು (ನಾ.)

ಲಕ್ಷ್ಮೇಶ್ವರದ ದೂದಪೀರ ದರ್ಗಾದಂಥ ಕಡೆ ನಡೆಯುವ ಉರುಸನ್ನು ಕೆಲವರು ಸಂತರ ಹುಟ್ಟುಹಬ್ಬವೆಂದೇ ತಿಳಿದಿದ್ದಾರೆ. ಅದು ಪುಣ್ಯತಿಥಿ. ಅರಬ್ಬಿಯಲ್ಲಿ ‘ಉರ್ಸ್’ ಎಂದರೆ ಮದುವೆ, ‘ಅರೂಸ್’ ಎಂದರೆ ಮದುಮಗಳು. ಸಂತನ ಸಾವನ್ನು ಸೂಫಿಗಳು ದೇವರೊಡನೆ ಕೂಡುವ ಗಳಿಗೆಯಾಗಿ ಕಂಡರು. ಶರಣಸತಿ-ಲಿಂಗಪತಿ ಭಾವ ಬಲ್ಲ ನಮ್ಮ ನಾಡಿಗೆ ಇದು ಪರಕೀಯವಲ್ಲ. ತುರ್ಕಿಯ ಕೊನ್ಯಾದಲ್ಲಿ ಸೂಫಿ ಕವಿ ರೂಮಿ ತೀರಿಕೊಂಡ ಡಿಸೆಂಬರ್ 17ರ ರಾತ್ರಿಯ ಹೆಸರು ‘ಶೆಬ್-ಇ-ಅರೂಸ್’, ಮದುವೆಯ ಇರುಳು. ಕನ್ನಡದ ಬಾಯಲ್ಲಿ ಉಕಾರ ಸೇರಿ ಉರುಸಾಯಿತು. ಗಂಧದ ಮೆರವಣಿಗೆ, ಅಂಗಡಿ ಸಾಲು ಕೂಡಿ ಜಾತ್ರೆಯ ಅರ್ಥವೂ ಬಂತು. ಹೀಗೆ ಅರಬ್ಬಿಯ ಉರುಸು ಸಂಸ್ಕೃತದ ‘ಯಾತ್ರಾ’ದಿಂದ ಬಂದ ಜಾತ್ರೆಯ ಜೊತೆಗೂಡಿತು. ಶಿರಹಟ್ಟಿಯ ಸಂತ ‘ಫಕೀರೇಶ್ವರ’ನಲ್ಲಂತೂ ಅರಬ್ಬಿ, ಸಂಸ್ಕೃತ ಒಂದೇ ಹೆಸರಾಗಿವೆ. ಆದರೆ ಮೊಹರಂ ಶೋಕದ ಆಚರಣೆ. ಅದನ್ನು ಉರುಸು ಎಂದು ಬರೆಯುವುದು ತಪ್ಪು.