ನಮ್ಮ ಗದ್ದೆ, ಅವರ ಲೆಕ್ಕ

ಚಿಕ್ಕಲಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಬೆಂಗಳೂರಿನ ದಕ್ಷಿಣಕ್ಕೆ ಇಷ್ಟೊಂದು 'ಸಂದ್ರ'ಗಳು ಯಾಕಿವೆ ಅಂತ ಕೇಳಿದ್ರೆ, 'ಸಮುದ್ರ' ಸವೆದು 'ಸಂದ್ರ' ಆಗಿದೆ ಅಂತ ಸ್ಥಳನಾಮ ಬಲ್ಲವರು ಹೇಳ್ತಾರೆ. ಇಲ್ಲಿ ಸಮುದ್ರ ಅಂದ್ರೆ ಕೆರೆ. ಕೆರೆ ಅಂದ್ಮೇಲೆ ಅದರ ಕೆಳಗೆ ಅಚ್ಚುಕಟ್ಟು, ಅಚ್ಚುಕಟ್ಟಿನಲ್ಲಿ ಭತ್ತ. ಹಳೇ ಮೈಸೂರು ಸೀಮೆಯ ರೂಢಿ ಇದು. ಇವತ್ತು ಈ ಕಡೆ ಗದ್ದೆ ಹುಡುಕಿಕೊಂಡು ಹೋದ್ರೆ ಸಿಗೋದು ಅಪಾರ್ಟ್‌ಮೆಂಟು, ಪಿ.ಜಿ., ದರ್ಶಿನಿ. ಆದ್ರೆ 1990ರ ಸುಮಾರಿಗೆ ದೇಶದಲ್ಲಿ ಉಳಿದಿದ್ದ ಅಷ್ಟೂ ಭತ್ತದ ಗದ್ದೆಗಳ ಮೇಲೆ ಒಂದು ದೊಡ್ಡ ಆಪಾದನೆ ಬಂತು: ಭೂಮಿ ಬಿಸಿಯಾಗೋದಕ್ಕೆ ನೀವೂ ಕಾರಣ ಅಂತ. ಆಪಾದನೆಗೆ ಆಧಾರ ಒಂದೇ ಒಂದು ಸಂಖ್ಯೆ. ಆ ಸಂಖ್ಯೆ ಹೇಗೆ ಹುಟ್ಟಿತು, ಹೇಗೆ ಬಿದ್ದುಹೋಯಿತು ಅನ್ನೋದೇ ಈ ಬರಹ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇ.ಪಿ.ಎ.) ಹಾಕಿದ ಅಂದಾಜಿನ ಪ್ರಕಾರ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 37.8 ಮಿಲಿಯನ್ ಟನ್ ಮೀಥೇನ್ ಹೊರಗೆ ಬರ್ತಿತ್ತು. ಅಂದ್ರೆ 3 ಕೋಟಿ 78 ಲಕ್ಷ ಟನ್. ಇದು ಎಷ್ಟು ದೊಡ್ಡದು ಗೊತ್ತಾ? ಮುಂದೆ ಕೆಲವು ವರ್ಷ ಬಳಕೆಯಲ್ಲಿದ್ದ ಲೆಕ್ಕದ ಪ್ರಕಾರ ಒಂದು ಟನ್ ಮೀಥೇನ್ ಅಂದ್ರೆ 21 ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಗುಣಿಸಿ ನೋಡಿ, ಸುಮಾರು 79 ಕೋಟಿ ಟನ್ ಆಗತ್ತೆ. 1994ರಲ್ಲಿ ಇಡೀ ಭಾರತ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು, ಸಿಮೆಂಟು ಎಲ್ಲ ಸೇರಿಸಿ ಬಿಟ್ಟ ಕಾರ್ಬನ್ ಡೈಆಕ್ಸೈಡೂ ಹೆಚ್ಚುಕಡಿಮೆ 79 ಕೋಟಿ ಟನ್ನೇ! ದೇಶದ ಎಲ್ಲ ಕಾರ್ಖಾನೆ, ರೈಲು, ಲಾರಿಗಳನ್ನು ತಕ್ಕಡಿಯ ಒಂದು ಕಡೆ ಇಟ್ಟು, ಇನ್ನೊಂದು ಕಡೆ ಬರೀ ಭತ್ತದ ಗದ್ದೆ ಇಟ್ಟರೆ ಎರಡೂ ಸಮ ಅಂದಂಗಾಯ್ತು.

ಸಮಯ ಬೇರೆ ಸೂಕ್ಷ್ಮವಾಗಿತ್ತು. 1992ರ ರಿಯೊ ಸಮಾವೇಶಕ್ಕೆ, ಹವಾಮಾನ ಒಪ್ಪಂದಕ್ಕೆ ತಯಾರಿ ನಡೀತಿದ್ದ ಕಾಲ. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ 1990ರ ವರದಿಯಲ್ಲಿ ಭಾರತವನ್ನು ಹಸಿರುಮನೆ ಅನಿಲ ಬಿಡುವ ಮೊದಲ ಐದು ದೇಶಗಳ ಸಾಲಿಗೆ ಸೇರಿಸಿತ್ತು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟಿನ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಇದಕ್ಕೆ ಖಾರವಾದ ಉತ್ತರ ಕೊಟ್ಟರು. ಹೊಟ್ಟೆಪಾಡಿಗೆ ಭತ್ತ ಬೆಳೆಯೋ ರೈತನ ಗದ್ದೆಯ ಅನಿಲವನ್ನೂ ಶ್ರೀಮಂತ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕೋದು ಯಾವ ನ್ಯಾಯ ಅನ್ನೋದು ಅವರ ಪ್ರಶ್ನೆ. ಅದು ನ್ಯಾಯದ ಪ್ರಶ್ನೆ, ಸರಿಯಾದ ಪ್ರಶ್ನೆಯೇ. ಆದ್ರೆ ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ, ಒಣ ಪ್ರಶ್ನೆ ಕೂತಿತ್ತು: ಈ 37.8 ಬಂದಿದ್ದು ಎಲ್ಲಿಂದ?

ಇಂಥ ಲೆಕ್ಕಗಳ ಸೂತ್ರ ತುಂಬ ಸರಳ. ಒಂದು ಕೆಲಸ ಎಷ್ಟು ನಡೀತು ಅನ್ನೋದನ್ನ, ಆ ಕೆಲಸದಿಂದ ಎಷ್ಟು ಅನಿಲ ಬರತ್ತೆ ಅನ್ನೋದರಿಂದ ಗುಣಿಸೋದು. ಎಷ್ಟು ಹೆಕ್ಟೇರ್ ಭತ್ತ, ಹೆಕ್ಟೇರಿಗೆ ಎಷ್ಟು ಕಿಲೋ ಮೀಥೇನ್, ಅಷ್ಟೆ. ಎರಡನೆಯದಕ್ಕೆ 'ಎಮಿಷನ್ ಫ್ಯಾಕ್ಟರ್' ಅಂತಾರೆ. ಹೆಕ್ಟೇರ್ ಲೆಕ್ಕ ನಮ್ಮ ಕೃಷಿ ಇಲಾಖೆಗಳ ಹತ್ತಿರ ಇತ್ತು. ಫ್ಯಾಕ್ಟರ್ ಮಾತ್ರ ಇಲ್ಲಿಯದಾಗಿರಲಿಲ್ಲ. ಅಮೆರಿಕ ಮತ್ತು ಯುರೋಪಿನ ಕೆಲವು ಗದ್ದೆಗಳಲ್ಲಿ ಅಳೆದ ಅಂಕಿಯನ್ನೇ ತಂದು ನಮ್ಮ ಗದ್ದೆಗಳ ಮೇಲೆ ಹಾಸಿಬಿಟ್ಟಿದ್ದರು.

ಈ ಜಗಳಕ್ಕೆ ಭಾಷಣದಿಂದ ಉತ್ತರ ಸಿಗಲ್ಲ, ಗದ್ದೆಗೆ ಇಳಿದು ಅಳೀಬೇಕು ಅಂತ ಹೊರಟವರು ಎ. ಪಿ. ಮಿತ್ರ. ಅಯಾನುಗೋಳದ ಭೌತವಿಜ್ಞಾನಿ, ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ನಿರ್ದೇಶಕರಾಗಿದ್ದವರು, ಆಮೇಲೆ ಸಿ.ಎಸ್.ಐ.ಆರ್. ಮಹಾನಿರ್ದೇಶಕರು. ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಬೇರೆ ಬೇರೆ ಭತ್ತದ ಸೀಮೆಗಳಲ್ಲಿ ಮೀಥೇನ್ ಅಳೆಯೋ ಅಭಿಯಾನ ನಡೆಯಿತು. ವಿಧಾನ ಕೇಳಿದ್ರೆ ಇಷ್ಟೇನಾ ಅನ್ಸತ್ತೆ. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಬೋರಲು ಹಾಕೋದು, ನಿಮಿಷಗಳ ಲೆಕ್ಕದಲ್ಲಿ ಒಳಗಿನ ಗಾಳಿಯನ್ನ ಸಿರಿಂಜಿನಲ್ಲಿ ತೆಗೆಯೋದು, ಅದರಲ್ಲಿ ಮೀಥೇನ್ ಎಷ್ಟು ಏರಿದೆ ಅಂತ ಉಪಕರಣದಲ್ಲಿ ನೋಡೋದು. ಕಷ್ಟ ಇರೋದು ಇದನ್ನ ನಾಟಿಯಿಂದ ಕೊಯ್ಲಿನವರೆಗೆ, ಬೇರೆ ಬೇರೆ ಮಣ್ಣಿನಲ್ಲಿ, ಎಲ್ಲ ಕಡೆ ಒಂದೇ ಥರ ಮಾಡೋದ್ರಲ್ಲಿ. ಒಂದು ಲ್ಯಾಬಿನ ಉಪಕರಣ 10 ಅಂದಿದ್ದನ್ನ ಇನ್ನೊಂದು ಲ್ಯಾಬಿನದು 12 ಅಂದ್ರೆ ಎಲ್ಲ ಹಾಳು.

ಉತ್ತರ ಬಂತು: ವರ್ಷಕ್ಕೆ ಸುಮಾರು 40 ಲಕ್ಷ ಟನ್. ಒಂಬತ್ತರಲ್ಲಿ ಒಂದು ಪಾಲು!

ಇಷ್ಟೊಂದು ವ್ಯತ್ಯಾಸ ಯಾಕೆ? ಮೀಥೇನ್ ಹುಟ್ಟೋದು ನೀರು ನಿಂತು ಮಣ್ಣಿಗೆ ಆಮ್ಲಜನಕ ಸಿಗದೇ ಇದ್ದಾಗ. ನಡುವೆ ಒಂದಿಷ್ಟು ದಿನ ಗದ್ದೆ ಆರಿದ್ರೆ ಅದು ಧಡಾರನೆ ಇಳಿಯತ್ತೆ. ನಮ್ಮಲ್ಲಿ ಮಳೆ ನಂಬಿಕೊಂಡ ಗದ್ದೆಗಳೇ ಎಷ್ಟೋ, ಕೆರೆ ಬತ್ತಿದಾಗ ಆರೋ ಗದ್ದೆಗಳೆಷ್ಟೋ. ಕರಾವಳಿಯ ರೈತರನ್ನ ಕೇಳಿ. ಅವರಿಗೆ ಗದ್ದೆ ಅಂದ್ರೆ ಒಂದೇ ಜಾತಿ ಅಲ್ಲ. ಮಳೆಯನ್ನೇ ನಂಬಿದ ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನಲ್ಲಿ ನೀರು ನಿಲ್ಲೋದು ಬೈಲು. ಭಾರತದ 2007ರ ಅನಿಲ ಲೆಕ್ಕದಲ್ಲೂ ಹೀಗೇ ವಿಂಗಡಣೆ ಇದೆ. ಸದಾ ನೀರು ನಿಲ್ಲೋ ನೀರಾವರಿ ಗದ್ದೆಗೆ ಹೆಕ್ಟೇರಿಗೆ 162 ಕೆ.ಜಿ., ಒಮ್ಮೆ ಆರೋದಕ್ಕೆ 66, ಹಲವು ಸಲ ಆರೋದಕ್ಕೆ ಬರೀ 18, ಆಳ ನೀರಿನದಕ್ಕೆ 190. ವಿಜ್ಞಾನಿಗಳು ವರ್ಷಗಟ್ಟಲೆ ಅಳೆದು ಮಾಡಿದ ವಿಂಗಡಣೆಯ ತಿರುಳು ನಮ್ಮ ಕರಾವಳಿಯ ಮಾತಿನಲ್ಲಿ ಮೊದಲಿಂದಲೂ ಇತ್ತು!

ಈ ಅಂಕಿಗಳು ಕೈಯಲ್ಲಿದ್ರೆ ಹಳೇ ಆಪಾದನೆಯನ್ನ ನೀವೇ ಕಾಫಿ ಕುಡೀತಾ ಪರೀಕ್ಷೆ ಮಾಡಬಹುದು. ಭಾರತದ ಭತ್ತದ ಪ್ರದೇಶ ಆಗ ಸುಮಾರು 4.2 ಕೋಟಿ ಹೆಕ್ಟೇರ್. 37.8 ಮಿಲಿಯನ್ ಟನ್ನನ್ನ ಅದರಿಂದ ಭಾಗಿಸಿ. ಹೆಕ್ಟೇರಿಗೆ 900 ಕೆ.ಜಿ. ಬರತ್ತೆ. ದೇಶದ ಒಂದೊಂದು ಗದ್ದೆಯೂ ಆಳ ನೀರಿನದ್ದೇ ಅಂತ ಇಟ್ಟುಕೊಂಡ್ರೂ 80 ಲಕ್ಷ ಟನ್ ದಾಟಲ್ಲ. ಈ ಥರ 'ಅಂಕಿ ನಂಬೋ ಹಾಗಿದೆಯಾ' ಅಂತ ನೋಡೋದಕ್ಕೆ ಕ್ವಾಲಿಟಿ ಕಂಟ್ರೋಲ್‌ನಲ್ಲಿ ಮೊದಲ ಜಾಗ. 2004ರಲ್ಲಿ ಭಾರತ ವಿಶ್ವಸಂಸ್ಥೆಗೆ ಕೊಟ್ಟ ಮೊದಲ ಅಧಿಕೃತ ಲೆಕ್ಕದಲ್ಲಿ, 1994ರ ಭತ್ತದ ಮೀಥೇನ್ 40.9 ಲಕ್ಷ ಟನ್ ಅಂತಲೇ ದಾಖಲಾಯಿತು.

ಆ ಹೊತ್ತಿಗೆ ಜಗತ್ತೂ ಪಾಠ ಕಲಿತಿತ್ತು. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ (ಐ.ಪಿ.ಸಿ.ಸಿ.) 2000ದಲ್ಲಿ ದೇಶಗಳ ಲೆಕ್ಕ ಹೇಗಿರಬೇಕು ಅಂತ ಮಾರ್ಗಸೂಚಿ ತಂದಿತು, 2006ರಲ್ಲಿ ಅದನ್ನ ವಿಸ್ತರಿಸಿತು. ಐ.ಟಿ.ಯವರಿಗೆ ಅದರ ಭಾಷೆ ಹೊಸದಲ್ಲ. ಲೆಕ್ಕ ಮಾಡಿದವರೇ ಟನ್ನು-ಕಿಲೋ ಅದಲುಬದಲಾಗಿದೆಯಾ, ಅಂಕಿ ನಕಲು ಮಾಡುವಾಗ ಸೊನ್ನೆ ಜಾರಿದೆಯಾ, ಹೋದ ವರ್ಷದ್ದಕ್ಕೆ ತಾಳೆ ಆಗತ್ತಾ ಅಂತ ನೋಡೋದು ಕ್ಯೂ.ಸಿ. ಲೆಕ್ಕದಲ್ಲಿ ಕೈಯಿಡದ ಹೊರಗಿನವರು ನೋಡೋದು ಕ್ಯೂ.ಎ. ಬೇರೆಯದೇ ದಾರಿಯಲ್ಲಿ ಅಳೆದು ಹೋಲಿಸೋದು ವೆರಿಫಿಕೇಶನ್. ಜತೆಗೆ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಎಷ್ಟು ಆಚೀಚೆ ಆಗಬಹುದು ಅಂತ ಬರೀಬೇಕು.

ಚಿಕ್ಕಲಸಂದ್ರದ ಒಂದು ಮನೆ ತಗೊಂಡು ನೋಡಿದ್ರೆ ಇದು ಎಷ್ಟು ನಾಜೂಕು ಅಂತ ಗೊತ್ತಾಗತ್ತೆ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಉರಿದು ಮುಗಿದ್ರೆ ಸುಮಾರು 42 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಇದು ಸುಲಭ. ಕರೆಂಟಿನದು? ಆ ಮನೆಯ ಫ್ಯಾನಿಗೆ ಬೇಕಾದ ಕಲ್ಲಿದ್ದಲು ಉರಿದಿದ್ದು ರಾಯಚೂರಿನ ಶಕ್ತಿನಗರದಲ್ಲಿ ಅಂತ ಇಟ್ಕೊಳ್ಳಿ. ದೇಶದ ಲೆಕ್ಕದಲ್ಲಿ ಅದು ವಿದ್ಯುತ್ ಸ್ಥಾವರದ ಖಾತೆಗೆ ಹೋಗತ್ತೆ. ಮನೆಯ ಖಾತೆಗೂ ಬರೆದ್ರೆ ಒಂದೇ ಹೊಗೆ ಎರಡು ಸಲ ಎಣಿಸಿದ ಹಾಗೆ. ಇನ್ನು ಆ ಕಲ್ಲಿದ್ದಲು? ಭಾರತದ ಕಲ್ಲಿದ್ದಲಿನಲ್ಲಿ ಬೂದಿ ಬಹಳ, ಶಾಖ ಕಡಿಮೆ. ಹೊರದೇಶದ ಕಲ್ಲಿದ್ದಲಿನ ಅಂಕಿ ಇಲ್ಲಿಗೆ ಹೊಂದಲ್ಲ. ಅದನ್ನೂ ಇಲ್ಲೇ ಅಳೆಯಬೇಕಾಯಿತು.

ಬಿಲ್ಲೇ ಇಲ್ಲದ ಇಂಧನ ಇನ್ನೂ ಕಷ್ಟ. ಸೌದೆಗೆ ಮೀಟರ್ ಎಲ್ಲಿದೆ? ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ (ಐ.ಐ.ಎಸ್‌ಸಿ.) ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಪುರ, ಉಂಗ್ರ ಸುತ್ತಿನ ಹಳ್ಳಿಗಳಿಗೆ ಹೋಗಿ, ಮನೆಮನೆಯಲ್ಲಿ ಎಷ್ಟು ಸೌದೆ ಉರಿಯತ್ತೆ, ಅದನ್ನ ತರೋದಕ್ಕೆ ಹೆಂಗಸರು ಮಕ್ಕಳು ಎಷ್ಟು ಹೊತ್ತು ನಡೀತಾರೆ ಅಂತ ಲೆಕ್ಕ ಹಾಕಿತು. ಹಳ್ಳಿಯ ಇಂಧನದಲ್ಲಿ ಬಹುಪಾಲು ಸೌದೆಯೇ ಅಂತ ತೋರಿಸಿದ್ದು ಆ ಕೆಲಸ. ಅದೇ ಬಳಗದ ಎನ್. ಎಚ್. ರವೀಂದ್ರನಾಥ್ ಮುಂದೆ ದೇಶದ ಕಾಡು ಮತ್ತು ಭೂಬಳಕೆಯ ಕಾರ್ಬನ್ ಲೆಕ್ಕದಲ್ಲಿ ದೊಡ್ಡ ಪಾತ್ರ ವಹಿಸಿದರು. ದನದ ಮೀಥೇನ್ ಅಳೆಯೋ ಕೆಲಸವಂತೂ ನಮ್ಮ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲೂ ನಡೀತಾ ಬಂದಿದೆ. ನಾಟಿ ಹಸು, ಮಿಶ್ರತಳಿ, ಎಮ್ಮೆ, ಒಂದೊಂದರ ತೇಗಿನ ಅನಿಲವೂ ಬೇರೆ ಬೇರೆ.

ಇಲ್ಲಿ ಒಂದು ಅನುಮಾನ ಬರಬೇಕು. ನಮ್ಮ ಅಂಕಿ ನಾವೇ ಅಳೆದು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ವಿ, ಸರಿ. ಆದ್ರೆ ಕಡಿಮೆ ಬಂದಾಗ ಖುಷಿಪಡೋ ನಾವು, ಜಾಸ್ತಿ ಬಂದಾಗಲೂ ಅಷ್ಟೇ ನಿಷ್ಠೆಯಿಂದ ಒಪ್ತೀವಾ? ಚೀನಾದ ಉದಾಹರಣೆ ನೋಡಿ. 2015ರಲ್ಲಿ ಅಲ್ಲಿನ ಕಲ್ಲಿದ್ದಲಿಗೆ ಐ.ಪಿ.ಸಿ.ಸಿ.ಯ ಸಿದ್ಧ ಫ್ಯಾಕ್ಟರ್‌ಗಿಂತ ಸರಾಸರಿ 40% ಕಡಿಮೆ ಫ್ಯಾಕ್ಟರ್ ಹೊಂದತ್ತೆ ಅಂತ ಒಂದು ಅಧ್ಯಯನ ಬಂತು. ಅದೇ ವರ್ಷ, ಉರಿಸಿದ ಕಲ್ಲಿದ್ದಲಿನ ಪ್ರಮಾಣವೇ ಕೆಲವು ವರ್ಷ 17%ವರೆಗೆ ಕಡಿಮೆ ತೋರಿಸಲಾಗಿತ್ತು ಅಂತ ಅವರದೇ ಸರ್ಕಾರಿ ಅಂಕಿಅಂಶಗಳ ಪರಿಷ್ಕರಣೆಯಿಂದ ಹೊರಬಿತ್ತು. ಗುಣಾಕಾರದ ಒಂದು ಕಡೆ ಇಳೀತು, ಇನ್ನೊಂದು ಕಡೆ ಏರಿತು.

ನಮಗೂ ಹೊರಗಿನ ಪರೀಕ್ಷೆ ಆಗಿದೆ. 2017ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಅನಿತಾ ಗಣೇಶನ್ ಮತ್ತು ಸಂಗಡಿಗರು ಗದ್ದೆ, ದನ ಯಾವುದನ್ನೂ ಎಣಿಸದೆ ಆಕಾಶದ ಕಡೆಯಿಂದ ಲೆಕ್ಕ ಹಾಕಿದರು. ಉಪಗ್ರಹ, ವಿಮಾನ, ನೆಲದ ಕೇಂದ್ರಗಳು ಅಳೆದ ಗಾಳಿಯಿಂದ ಹಿಂದಕ್ಕೆ ಲೆಕ್ಕ ಹಾಕಿದ್ರೆ ಭಾರತದ ಒಟ್ಟು ಮೀಥೇನ್ 2010–15ರಲ್ಲಿ ವರ್ಷಕ್ಕೆ ಸುಮಾರು 2.2 ಕೋಟಿ ಟನ್. ಅದು ಭಾರತ ವಿಶ್ವಸಂಸ್ಥೆಗೆ ಹೇಳಿದ್ದಕ್ಕೆ ಹೊಂದಿಕೆಯಾಯಿತು. ಗದ್ದೆಯ ಹಳೇ 37.8 ಒಂದೇ ಇದಕ್ಕಿಂತ ಎಷ್ಟು ದೊಡ್ಡದು ನೋಡಿ. 1991ರಲ್ಲಿ ಕೆಸರಿಗಿಳಿದು ಸಿರಿಂಜ್ ಹಿಡಿದವರಿಗೆ 26 ವರ್ಷ ಆದ್ಮೇಲೆ ಸಿಕ್ಕ ಸಾಕ್ಷಿ ಅದು. 2007ರಲ್ಲಿ ತೀರಿಕೊಂಡ ಮಿತ್ರ ಇದನ್ನ ನೋಡಲಿಲ್ಲ.

ಭಾರತ 2024ರ ಡಿಸೆಂಬರ್ ಕೊನೆಯಲ್ಲಿ ಕೊಟ್ಟ ವರದಿಯಲ್ಲಿ 2020ರ ಒಟ್ಟು ಹೊರಸೂಸುವಿಕೆ ಸುಮಾರು 296 ಕೋಟಿ ಟನ್, ಕಾಡಿನ ಹೀರುವಿಕೆ ಕಳೆಯದೆ. ಈಗ ಈ ಕೆಲಸ ದೆಹಲಿಯ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದೂ ಅಲ್ಲ. 2022–23ರಿಂದ ಮೊದಲ 1000 ಲಿಸ್ಟೆಡ್ ಕಂಪನಿಗಳು ತಮ್ಮ ಅನಿಲದ ಲೆಕ್ಕವನ್ನ ಸೆಬಿಗೆ ಕೊಡೋ ವರದಿಯಲ್ಲಿ ತೋರಿಸ್ತಿವೆ. ಔಟರ್ ರಿಂಗ್ ರೋಡಿನ ಯಾವುದೋ ಆಫೀಸಿನಲ್ಲಿ ಆ ಎಕ್ಸೆಲ್ ಶೀಟ್ ತುಂಬೋರು ನಿಮ್ಮಲ್ಲೇ ಕೆಲವರು ಇರಬಹುದು. ಕರೆಂಟಿನ ಯೂನಿಟ್ಟಿಗೆ 0.7 ಕೆ.ಜಿ. ಆಸುಪಾಸಿನ ಒಂದು ಅಂಕಿ ಹಾಕಿ ಗುಣಿಸ್ತೀರಿ ತಾನೇ? ಅದು ಯಾವ ವರ್ಷದ್ದು, ಯಾರು ಅಳೆದಿದ್ದು, ಡೀಸೆಲ್ ಜನರೇಟರ್ ಲೆಕ್ಕ ಲೀಟರಿನಲ್ಲಿದೆಯಾ ಕಿಲೋನಲ್ಲಿದೆಯಾ, ಹೋದ ತಿಂಗಳಿಗಿಂತ ಇದ್ದಕ್ಕಿದ್ದಂತೆ ಹತ್ತು ಪಟ್ಟು ಯಾಕಾಯ್ತು ಅಂತ ಶೀಟಿನ ಪಕ್ಕದ ಕಾಲಂನಲ್ಲಿ ಒಂದು ಸಾಲು ಬರೆದಿಡಿ. ನೀವು ಕೆಲಸ ಬಿಟ್ಟು ಹೋದ ಮೇಲೆ ಆ ಅಂಕಿಗೆ ಮಾತಾಡೋಕೆ ಉಳಿಯೋದು ಆ ಒಂದು ಸಾಲು ಮಾತ್ರ.